ಹುಣಸೆಮರದ ಒಂದು ಸುತ್ತು

ಪಾಲಜ್ಜನ ಹತ್ತಿರ ಒಂದು ಹಳೇ ಜೀಪು ಇತ್ತು. ಜೀಪಿನ ಹಿಂದಕ್ಕೆ ಕಟ್ಟಿ ಎಳೆಯುವ ಎರಡು ಚಕ್ರದ ಟ್ರೇಲರ್ ಇತ್ತು. ಊರಲ್ಲಿ ಯಾರ ಮನೆ ಕಾರ್ಯವೇ ಇರಲಿ, ಪಾತ್ರೆ, ಒಲೆ, ಶಾಮಿಯಾನ, ಅಕ್ಕಿ ಮೂಟೆ ಎಲ್ಲ ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು. ನಲವತ್ತು ವರ್ಷ ಎಳೆದ ಅಜ್ಜ. ನಲವತ್ತು ವರ್ಷದಲ್ಲಿ ಒಂದು ಸೌಟು ಕೂಡ ದಾರಿಯಲ್ಲಿ ಬಿದ್ದದ್ದಿಲ್ಲ.

ಅವನಿಗೊಂದು ಅಭ್ಯಾಸ ಇತ್ತು. ಊರು ಬಿಟ್ಟು ಒಂದು ಮೈಲಿ ಹೋದರೆ ದಾರಿ ಬದಿಗೆ ಒಂದು ದೊಡ್ಡ ಹುಣಸೆಮರ. ಎಷ್ಟೇ ಅವಸರ ಇರಲಿ, ಮುಹೂರ್ತವೇ ಮೀರುತ್ತಿರಲಿ, ಆ ಮರದ ಕೆಳಗೆ ಜೀಪು ನಿಲ್ಲಬೇಕು. ಅಜ್ಜ ಇಳಿಯುವನು. ಟ್ರೇಲರ್‌ಗೆ ಒಂದು ಸುತ್ತು ಬರುವನು. ಅಲ್ಲೊಂದು ಕಡೆ ಮುಟ್ಟುವನು, ಇಲ್ಲೊಂದು ಕಡೆ ಮುಟ್ಟುವನು, ಮುಟ್ಟಿದ ಕೈಯನ್ನ ಹಣೆಗೆ ಒತ್ತಿಕೊಳ್ಳುವನು. ಆಮೇಲೆ ಹತ್ತಿ ಹೊರಡುವನು. ದಿನಾ ಹೀಗೇ.

ಊರವರು ಸುಮ್ಮನಿರುತ್ತಾರೆಯೇ? ಅರಳಿಕಟ್ಟೆ ಮೇಲೆ ಕೂತ ಪಡ್ಡೆಗಳು, “ಪಾಲಜ್ಜನ ಜೀಪಿಗೆ ಒಂದು ಮೈಲಿ ಓಡಿದರೆ ಸಾಕು, ಉಚ್ಚೆ ಬರುತ್ತೆ” ಅಂತ ನಗುತ್ತಿದ್ದರು. ದೊಡ್ಡವರು ನಗಲಿಲ್ಲ. “ಮರದಲ್ಲಿ ಏನೋ ಇದೆ. ಇಲ್ಲದಿದ್ರೆ ಅಜ್ಜ ಯಾಕೆ ದಿನಾ ಪ್ರದಕ್ಷಿಣೆ ಹಾಕಿ ಹಣೆಗೆ ಒತ್ಕೋತಾನೆ?” ಅಂದರು. ಯಾರೋ ಒಬ್ಬಳು ಮರದ ಬೊಡ್ಡೆಗೆ ಕುಂಕುಮ ಹಚ್ಚಿದಳು. ಇನ್ನೊಬ್ಬಳು ಕೊಂಬೆಗೆ ಹಸಿರು ಬಳೆ ಕಟ್ಟಿದಳು. ಮೂರು ಕಲ್ಲು ಬಂದು ಕೂತವು. ಅಜ್ಜ ಎಲ್ಲ ನೋಡಿದ, ಏನೂ ಹೇಳಲಿಲ್ಲ. ಅವನು ಮಾತಿನ ಮನುಷ್ಯನೇ ಅಲ್ಲ. ಬೆಳಗಿಂದ ಬೈಗಿನ ತನಕ ಹತ್ತು ಮಾತಾಡಿದರೆ ಅವತ್ತು ಊರಿಗೆ ಹಬ್ಬ.

ಕಾಲ ನಿಲ್ಲುತ್ತದೆಯೇ? ಅಜ್ಜನ ಮಂಡಿ ಸೋತವು. ಕ್ಲಚ್ಚು ತುಳಿಯಲಾರದೆ ಹೋದ. ಪಕ್ಕದ ಮನೆಯ ಓಬಳೇಶನನ್ನ ಕರೆದ. ಓಬಳೇಶ ಮೂವತ್ತರ ಗಂಡು, ಒಳ್ಳೆಯವನು, ಹಿರಿಯರ ಮುಂದೆ ದನಿ ಎತ್ತದವನು. ಎರಡು ವರ್ಷ ಕಂಡವರ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿತ್ತು. ತನ್ನದು ಅಂತ ಒಂದು ಗಾಡಿ ಇರಬೇಕು ಅನ್ನುವ ಆಸೆ ಮಾತ್ರ ಹಾಗೇ ಉಳಿದಿತ್ತು.

ಅಜ್ಜ ಕೀಲಿಕೈ ಕೊಟ್ಟ. ಕೊಟ್ಟು ಅಂದ: “ಆರು ತಿಂಗಳು ಓಡ್ಸು. ಓಡಿಸೋದು ನೋಡ್ತೀನಿ. ಸರಿ ಅನ್ನಿಸಿದ್ರೆ ಜೀಪೂ ನಿಂದೇ, ಟ್ರೇಲರೂ ನಿಂದೇ.”

“ಏನೇನು ನೋಡ್ಕೋಬೇಕು ಅಜ್ಜ?”

“ಟ್ರೇಲರ್ ಒಳಗೆ ಜನ ಕೂರಿಸ್ಬೇಡ. ಸರಪಳಿ ಹಾಕ್ದೆ ಎಳೀಬೇಡ. ಬಾಲ ಆಡಿಸಿದ್ರೆ ಒದೀಬೇಡ. ಹುಣಸೆಮರದ ಹತ್ರ ಒಂದು ಸುತ್ತು ಮರೀಬೇಡ.”

ಇಷ್ಟೇ. ಅವತ್ತಿನ ಹತ್ತು ಮಾತೂ ಮುಗಿದುಹೋಗಿತ್ತು, ಗೋಡೆ ಕಡೆ ಮಗ್ಗುಲಾದ.

ಬಾಲ ಅಂದರೆ ಯಾರ ಬಾಲ? ಓಬಳೇಶನಿಗೆ ಗೊತ್ತಾಗಲಿಲ್ಲ. ಒಂದು ಸುತ್ತು ಯಾಕೆ? ಅದೂ ಗೊತ್ತಾಗಲಿಲ್ಲ. ಕೇಳಲಿಲ್ಲ. ಹಿರಿಯರಿಗೆ ಎದುರು ನಿಂತು ‘ಯಾಕೆ’ ಅನ್ನಬಾರದು ಅಂತ ಅವನ ಅವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ನಾಲ್ಕು ಮಾತನ್ನೂ ಬಾಯಿಪಾಠ ಮಾಡಿಕೊಂಡು ಮನೆಗೆ ಹೋದ.

ಮಾರನೇ ದಿನದಿಂದ ಓಬಳೇಶ ಮರದ ಕೆಳಗೆ ನಿಲ್ಲಿಸಿಯೇ ನಿಲ್ಲಿಸಿದ. ಅಜ್ಜನಿಗಿಂತ ಒಂದು ಕೈ ಮೇಲೆ. ಅಜ್ಜ ಬರೀ ಮುಟ್ಟುತ್ತಿದ್ದ, ಇವನು ಊದುಬತ್ತಿ ಹಚ್ಚಿದ. ಅಜ್ಜ ಚಪ್ಪಲಿ ಮೆಟ್ಟಿಕೊಂಡೇ ಸುತ್ತುತ್ತಿದ್ದ, ಇವನು ಚಪ್ಪಲಿ ಬಿಟ್ಟು ಸುತ್ತಿದ. ಜೀಪಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯನ್ನ ಎರಡು ಬೆರಳಲ್ಲಿ ಮುಟ್ಟಿ ಹಣೆಗೆ ಒತ್ತಿಕೊಂಡ, ಹಗ್ಗ ಮುಟ್ಟಿ ಒತ್ತಿಕೊಂಡ, ಚಕ್ರ ಮುಟ್ಟಿ ಒತ್ತಿಕೊಂಡ. ಕೊನೆಗೆ ಮರದ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದ. ಎರಡು ತಿಂಗಳು ಕುರ್ಚಿ ಸಾಗಿಸಿದ, ಶಾಮಿಯಾನ ಸಾಗಿಸಿದ, ಈರುಳ್ಳಿ ಚೀಲ ಸಾಗಿಸಿದ. ಎಲ್ಲ ಸುಸೂತ್ರ. ಮರ ಕಾಯುತ್ತಿದೆ ಅಂತ ಅವನಿಗೆ ಪೂರಾ ನಂಬಿಕೆ ಬಂತು.

ಆ ಊರಲ್ಲಿ ದ್ಯಾಮವ್ವ ಅಂತ ಇದ್ದಳು. ಅವಳ ಕೈರುಚಿ ತಿಂದವರು ಎಲೆ ನೆಕ್ಕದೆ ಎದ್ದದ್ದಿಲ್ಲ. ಮೂರು ಜನ ಹೆಂಗಸರನ್ನ ಜೊತೆಗೆ ಹಾಕಿಕೊಂಡು ಸಣ್ಣಪುಟ್ಟ ಕಾರ್ಯಗಳಿಗೆ ಅಡುಗೆ ಮಾಡುತ್ತಿದ್ದಳು. ಐವತ್ತು ಎಲೆ, ಹೆಚ್ಚೆಂದರೆ ಎಂಬತ್ತು. ಒಂದು ದಿನ ಮರಡಿಗುಡ್ಡದ ಆಚೆ ಊರಿಂದ ಕರೆ ಬಂತು. ಹತ್ತು ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು, ಅದರ ತೊಟ್ಟಿಲು ಶಾಸ್ತ್ರ. ಮುನ್ನೂರು ಎಲೆ! ಪಟ್ಟಣದಿಂದ ಅಡುಗೆಯವರನ್ನ ಕರೆಸಬೇಕು ಅಂತಿದ್ದರಂತೆ. ಮಗುವಿನ ಅಜ್ಜಿ ಹಟ ಹಿಡಿದು, “ದ್ಯಾಮವ್ವನ ಕೈಲೇ ಆಗ್ಲಿ” ಅಂದಳಂತೆ. ಇದೊಂದು ಗೆದ್ದರೆ ಸುತ್ತಮುತ್ತಲ ಹತ್ತೂರಿನ ಕಾರ್ಯ ಇವರದೇ. ಸೋತರೆ ಮತ್ತೆ ಯಾರೂ ಕರೆಯುವುದಿಲ್ಲ. ನಾಲ್ಕು ಹೆಂಗಸರಿಗೂ ಅದು ಗೊತ್ತಿತ್ತು.

ಆ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಟ್ರೇಲರ್ ತುಂಬಿಸಿದರು. ಮೊದಲು ಅಕ್ಕಿ, ಬೇಳೆ, ತರಕಾರಿ. ಆಮೇಲೆ ಒಲೆಗಳು. ಅದರ ಮೇಲೆ ಹಂಡೆ, ಕೊಪ್ಪರಿಗೆ. ಉಳಿದದ್ದು ಕಲ್ಲಿನ ಗ್ರೈಂಡರ್. ನಾಲ್ಕು ಜನ ಉಸಿರು ಕಟ್ಟಿ ಎತ್ತಿದರೆ ಅಲುಗುವಂಥದ್ದು.

“ಇದನ್ನ ಮುಂದ್ಗಡೆ ಇಡಾನಾ ಅಕ್ಕ?” ಅಂದ ಓಬಳೇಶ.

“ಅಯ್ಯೋ ಬೇಡ ಕಣಪ್ಪ! ಹೋದ ತಕ್ಷಣ ಇಳಿಯೋದೇ ಅದು. ವಡೆಗೆ ಉದ್ದಿನಬೇಳೆ ನೆನ್ಸಿಟ್ಟಿದೀನಿ, ಮೊದ್ಲು ರುಬ್ಬಬೇಕು. ಮೊದ್ಲು ಇಳಿಯೋದು ಕಡೇಲಿ ಹತ್ಬೇಕು. ನಮ್ಮ ಅಡುಗೆ ಮಂದಿ ಲೆಕ್ಕ ಹಂಗೇ.”

ಅಡುಗೆ ಲೆಕ್ಕಕ್ಕೆ ಅದು ಸರಿಯೇ. ಗ್ರೈಂಡರ್ ಹೋಗಿ ಟ್ರೇಲರಿನ ಹಿಂಬಾಗಿಲ ಹತ್ತಿರ ಕೂತಿತು. ಅದು ಕೂತದ್ದೇ ತಡ, ಜೀಪಿನ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತು. ಯಾರೂ ನೋಡಲಿಲ್ಲ.

ಆ ಹೆಂಗಸರಲ್ಲಿ ಸಾಕವ್ವ ಅಂತ ಒಬ್ಬಳು, ಬಾಯಿ ಜೋರು, ನಗು ಇನ್ನೂ ಜೋರು. “ನಾನು ಹಿಂದೆ ಕೊಪ್ಪರಿಗೆ ಒಳಗೇ ಕೂತ್ಕೋತೀನಿ. ತಣ್ಣಗೆ ಗಾಳಿ ಬರುತ್ತೆ, ಮಹಾರಾಣಿ ಪಲ್ಲಕ್ಕಿಲಿ ಹೋದಂಗೆ ಹೋಗ್ತೀನಿ” ಅಂದಳು.

“ಬೇಡ ಸಾಕಕ್ಕ. ಟ್ರೇಲರ್ ಒಳಗೆ ಜನ ಕೂರಿಸ್ಬೇಡ ಅಂದಿದಾನೆ ಅಜ್ಜ.”

“ಅಜ್ಜ ಏನು ಬಂದು ನೋಡ್ತಾನಾ?”

“ನೋಡ್ತಾನೋ ಇಲ್ವೋ, ನೀನು ಜೀಪಿಗೆ ಹತ್ತು.”

ಸಾಕವ್ವ ಗೊಣಗುತ್ತ ಜೀಪಿಗೆ ಹತ್ತಿದಳು. ತುಂಬಿಸುವ ಮೊದಲೇ ಓಬಳೇಶ ಕೊಂಡಿಗೆ ಪಿನ್ನು ಇಳಿಸಿದ್ದ. ಈಗ ಅಜ್ಜ ಹೇಳಿದ ಹಾಗೆ ಸರಪಳಿಯನ್ನೂ ಹಾಕಿದ. ಪಿನ್ನು ಮೇಲೇಳದ ಹಾಗೆ ಅದರ ತುದಿಗೆ ಒಂದು ಸಣ್ಣ ಬೀಗದ ಕಡ್ಡಿ ಸಿಕ್ಕಿಸಬೇಕು. ಅಷ್ಟರಲ್ಲಿ ದ್ಯಾಮವ್ವ, “ಹೊತ್ತಾಯ್ತು ಓಬಳೇಶ!” ಅಂದಳು. ಕಡ್ಡಿ ಅವನ ಅಂಗಿ ಜೇಬಲ್ಲೇ ಉಳಿಯಿತು.

ಹೊರಟರು. ಸ್ಟೇರಿಂಗು ಯಾಕೋ ಹಗುರ ಅನ್ನಿಸಿತು ಓಬಳೇಶನಿಗೆ, ನೀರ ಮೇಲೆ ತೇಲಿದ ಹಾಗೆ. ಹೊಸ ರಸ್ತೆ, ಅದಕ್ಕೇ ನುಣ್ಣಗಿದೆ ಅಂದುಕೊಂಡ. ಹುಣಸೆಮರ ಬಂತು. ನಿಲ್ಲಿಸಿದ, ಚಪ್ಪಲಿ ಬಿಟ್ಟ. ಊದುಬತ್ತಿ ಹಚ್ಚಿ ಒಂದು ಸುತ್ತು ಬಂದ. ಪಿನ್ನಿನ ತಲೆ ಮುಟ್ಟಿ ಹಣೆಗೆ ಒತ್ತಿಕೊಂಡ. ಹಗ್ಗ ಮುಟ್ಟಿ ಹಣೆಗೆ ಒತ್ತಿಕೊಂಡ. ಒಂದು ಮೈಲಿ ಓಟಕ್ಕೆ ಪಾತ್ರೆಗಳು ಒಂದರೊಳಗೊಂದು ಕೂತು, ಹಗ್ಗ ಜೋಲು ಬಿದ್ದಿತ್ತು. ಬೆರಳಿಗೆ ಆ ಜೋಲು ತಾಗಿತು ಕೂಡ. ಆದರೆ ಮನಸ್ಸು ಮರದ ಕಡೆ ಇತ್ತು. ಮುನ್ನೂರು ಎಲೆ, ದ್ಯಾಮಕ್ಕನ ಮಾನ, ಎಲ್ಲ ನಿನ್ನ ಮೇಲೆ ಅಂತ ಬೇಡಿಕೊಂಡ. ಹೆಂಗಸರೂ ಜೀಪಲ್ಲೇ ಕೂತು ಕೈ ಮುಗಿದರು.

ಮರಡಿಗುಡ್ಡ ಹತ್ತಿದರು. ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಲ್ಲಿಂದ ಉದ್ದದ ಇಳಿಜಾರು. ಹೊತ್ತು ಉಳಿಸೋಣ ಅಂತ ಓಬಳೇಶ ಟಾಪ್ ಗೇರಿನಲ್ಲೇ ಇಳಿಸಿದ. ಅರ್ಧ ಇಳಿದಿರಬೇಕು, ಹಿಂದೆ ಯಾರೋ ಜೀಪನ್ನ ಹಿಡಿದು ಎಡಕ್ಕೆ ಎಳೆದ ಹಾಗಾಯಿತು. ಆಮೇಲೆ ಬಲಕ್ಕೆ. ಆಮೇಲೆ ಎಡಕ್ಕೆ, ಇನ್ನೂ ಜೋರಾಗಿ.

“ಯಾಕೋ ಹಿಂಗೆ ಓಡಿಸ್ತೀಯ? ಕುಡಿದಿದ್ದೀಯೇನೋ?” ಅಂದಳು ಸಾಕವ್ವ.

“ನಾನಲ್ಲ ಸಾಕಕ್ಕ, ಹಿಂದಿಂದು!”

ಕನ್ನಡಿಯಲ್ಲಿ ನೋಡಿದ. ಟ್ರೇಲರ್ ರಸ್ತೆಯ ಈ ಅಂಚಿಂದ ಆ ಅಂಚಿಗೆ ಬೀಸುತ್ತಿತ್ತು. ಮುಂದೆ, ಇಳಿಜಾರಿನ ತುದಿಯಲ್ಲಿ, ಒಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ಹಿಂಡಿನ ಹಿಂದೆ ಕಂಬಳಿ ಹೊದ್ದ ಒಬ್ಬ ಹೆಂಗಸು. ಓಬಳೇಶನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಮುಟ್ಟಿದ್ದೇ ತಡ ಟ್ರೇಲರ್ ಇನ್ನೂ ಜೋರಾಗಿ ಬೀಸಿತು. ಜೀಪು ಮಗುಚಿಬಿಡುತ್ತದೆ ಅನ್ನಿಸಿತು. ಹೆಂಗಸರು ಕಿರುಚಿದರು.

ಆಗ ಅವನಿಗೆ ನೆನಪಾಯಿತು. ಬಾಲ ಆಡಿಸಿದ್ರೆ ಒದೀಬೇಡ! ಇದೇ ಬಾಲ. ಬ್ರೇಕು ತುಳಿಯುವುದೇ ಒದೆಯುವುದು. ಕಾಲು ತೆಗೆದ. ಆಕ್ಸಿಲರೇಟರಿನ ಮೇಲೂ ಇಡಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗನ್ನ ನೆಟ್ಟಗೆ ಹಿಡಿದು, ಟ್ರೇಲರ್ ಹೇಗೆ ಎಳೆದರೂ ಎದುರು ತಿರುಗಿಸದೆ ಗಟ್ಟಿಯಾಗಿ ಕೂತ. ಹಾರನ್ ಮಾತ್ರ ಬಿಡದೆ ಒತ್ತಿದ. ಹಿಂದೆ ಢಣ್ ಅಂತ ಏನೋ ಬಿತ್ತು. ತಿರುಗಿ ನೋಡಲಿಲ್ಲ. ಬೀಸು ಒಂದು ಕೈ ಕಡಿಮೆಯಾಯಿತು. ಇನ್ನೊಂದು ಕೈ ಕಡಿಮೆಯಾಯಿತು. ಅಷ್ಟರಲ್ಲಿ ಕುರಿಗಳು ಚೆಲ್ಲಾಪಿಲ್ಲಿಯಾಗಿ ಬದಿಗೆ ಓಡಿದವು. ರಸ್ತೆ ಮಟ್ಟಸವಾಯಿತು. ಜೀಪು ಮೆಲ್ಲಗೆ ಉರುಳಿ, ಮಣ್ಣಿನ ಅಂಚಿಗೆ ಬಂದು ನಿಂತಿತು.

ಇಳಿದು ನೋಡಿದರೆ ಸಾಕವ್ವ ಕೂರಬೇಕು ಅಂದಿದ್ದ ಕೊಪ್ಪರಿಗೆ ಟ್ರೇಲರಿನಲ್ಲಿ ಇಲ್ಲ. ಅದು ನೂರು ಮಾರು ಹಿಂದೆ ಜೋಳದ ಹೊಲದಲ್ಲಿ ಬಾಯಿ ಮೇಲೆ ಮಾಡಿ ಬಿದ್ದಿತ್ತು. ಸಾಕವ್ವ ಅದನ್ನ ನೋಡಿದಳು, ಓಬಳೇಶನನ್ನ ನೋಡಿದಳು. ಜೋರು ಬಾಯಿಂದ ಒಂದು ಸಣ್ಣ ಮಾತು ಬಂತು. “ಪಲ್ಲಕ್ಕಿ ಹೋಯ್ತು ಕಣೋ ತಮ್ಮಾ.”

ಓಬಳೇಶ ಕೊಂಡಿ ಹತ್ತಿರ ಬಗ್ಗಿದ. ಪಿನ್ನು ಮುಕ್ಕಾಲು ಮೇಲೆದ್ದಿತ್ತು. ಇನ್ನೊಂದು ಕುಲುಕು ಬಿದ್ದಿದ್ದರೆ ಅದು ಹಾರಿಹೋಗಿ, ಟ್ರೇಲರ್ ಬರೀ ಸರಪಳಿಯಲ್ಲಿ ಜೋತಾಡುತ್ತಿತ್ತು. ಜೇಬಲ್ಲಿ ಕಡ್ಡಿ ಚುಚ್ಚಿತು. ತೆಗೆದು ನೋಡಿದ.

ಕುರಿಯವಳು ಬಂದಳು. ಬೈಯುತ್ತಾಳೆ ಅಂತ ಓಬಳೇಶ ತಲೆ ತಗ್ಗಿಸಿದ. ಅವಳು ಹಿಂಡು ಎಣಿಸಿ ಮುಗಿಸಿ, “ಒಂದೂ ಕಮ್ಮಿಯಿಲ್ಲ ಬಿಡಪ್ಪ. ನೀನು ಬಿಳಚ್ಕೊಂಡಿದೀಯ, ನೀರು ಕುಡಿ” ಅಂದು ಸೊಂಟದ ಬಾಟಲಿ ಕೊಟ್ಟಳು.

ದ್ಯಾಮವ್ವನ ಕಣ್ಣು ಮಾತ್ರ ಸೂರ್ಯನ ಮೇಲೆ. “ಓಬಳೇಶ, ಬದುಕಿದ್ವಲ್ಲ, ಅಷ್ಟು ಸಾಕು. ಹಗ್ಗ ಬಿಗಿದು ನಿಧಾನಕ್ಕೆ ಹೋಗನ ನಡಿ. ಹೊತ್ತು ಮೀರಿದ್ರೆ ಮುನ್ನೂರು ಎಲೆ ಮುಂದೆ ನಾನು ಏನು ಮುಖ ಇಟ್ಕೊಂಡು ನಿಲ್ಲಲಿ?”

ಓಬಳೇಶ ಫೋನು ತೆಗೆದು ಅಜ್ಜನಿಗೆ ಮಾಡಿದ. ಎಲ್ಲ ಹೇಳಿದ. ಅಜ್ಜ ಮೊದಲು, “ಯಾರಿಗಾದ್ರೂ ಪೆಟ್ಟಾಯ್ತಾ?” ಅಂದ. ಇಲ್ಲ ಅಂದ ಮೇಲೆ, “ಹುಣಸೆಮರದ ಹತ್ರ ನಿಲ್ಸಿದ್ಯಾ?” ಅಂದ.

“ನಿಲ್ಸಿದ್ದೆ ಅಜ್ಜ. ಪ್ರದಕ್ಷಿಣೆ ಹಾಕ್ದೆ. ಊದುಬತ್ತಿ ಹಚ್ದೆ. ಕೈ ಮುಗಿದೆ.”

“ಯಾರಿಗೆ ಕೈ ಮುಗ್ದೆ?”

“ಮರಕ್ಕೆ.”

ಆ ಕಡೆಯಿಂದ ಒಂದು ನಗು ಬಂತು, ಮುದುಕನ ನಗು, ಕೆಮ್ಮಾಗಿ ಮತ್ತೆ ನಗುವಾಗಿ ಬಂತು.

“ಅಯ್ಯೋ ಮಂಕೆ! ಪ್ರದಕ್ಷಿಣೆ ಅಲ್ವೋ ಅದು! ಒಂದು ಮೈಲಿ ಓಡಿದ್ ಮೇಲೆ ಸಾಮಾನು ಕೂರುತ್ತೆ, ಹಗ್ಗ ಸಡ್ಲ ಆಗುತ್ತೆ. ಎಳೆದು ನೋಡ್ತಿದ್ದೆ ಕಣೋ. ಪಿನ್ನು ಅಲ್ಲಾಡ್ಸಿ ನೋಡ್ತಿದ್ದೆ. ಚಕ್ರದ ನಡುವಿನ ಗುಂಬ ಕಾದಿದ್ಯಾ ಅಂತ ಮುಟ್ಟಿ ನೋಡ್ತಿದ್ದೆ. ನೆರಳಿದೆ ಅಂತ ಆ ಮರದ ಹತ್ರ ನಿಲ್ತಿದ್ದೆ.”

“ಮತ್ತೆ ಕೈ ಹಣೆಗೆ ಒತ್ಕೋತಿದ್ಯಲ್ಲ ಅಜ್ಜ?”

“ಬೆವರು ಒರೆಸ್ಕೋತಿದ್ದೆ ಕಣೋ!”

ಓಬಳೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ ಸಾಕವ್ವ ಮಾತ್ರ ಹೊಟ್ಟೆ ಹಿಡಿದುಕೊಂಡು ಚರಂಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. “ನಾನು ಆ ಮರಕ್ಕೆ ಹೋದ ವಾರ ಬಳೆ ಕಟ್ಟಿ ಬಂದೀನಲ್ಲೋ!” ಅಂದಳು.

ಅಜ್ಜನ ದನಿ ಈಗ ಗಟ್ಟಿಯಾಯಿತು. “ಭಾರ ಎಲ್ಲಿಟ್ಟಿದೀಯ?”

“ಗ್ರೈಂಡರ್ ಹಿಂಬಾಗ್ಲ ಹತ್ರ.”

“ಅದಕ್ಕೇ ಬಾಲ ಆಡಿಸ್ತು. ಭಾರ ಚಕ್ರದ ನೆತ್ತಿ ಮೇಲಿರ್ಬೇಕು, ಒಂದು ಗೇಣು ಮುಂದಕ್ಕೇ ಇರ್ಲಿ. ಕೊಂಡಿ ಮೇಲೆ ಒಂದಿಷ್ಟು ಭಾರ ಕೂತ್ರೆ ಟ್ರೇಲರ್ ಹೇಳಿದ ಮಾತು ಕೇಳುತ್ತೆ. ಹಿಂದೆ ಜಾಸ್ತಿ ಆದ್ರೆ ಅದೇ ನಿನ್ನ ಓಡಿಸುತ್ತೆ.” ಆಮೇಲೆ ಮೆಲ್ಲಗೆ ಅಂದ: “ತಪ್ಪು ನಂದೂ ಐತೆ ಮಗ. ಒಂದು ಸುತ್ತು ಅಂದೆ, ಯಾಕೆ ಅಂತ ಹೇಳ್ಲಿಲ್ಲ.”

“ನಾನೂ ಕೇಳ್ಲಿಲ್ಲ ಅಜ್ಜ.”

ಫೋನಿಟ್ಟು ಓಬಳೇಶ ದ್ಯಾಮವ್ವನ ಕಡೆ ತಿರುಗಿದ. ಈಗಲೇ ಹೊರಟರೆ ಹೊತ್ತಿಗೆ ಸರಿಯಾಗಿ ಹೋಗಬಹುದು. ಎಲ್ಲ ಇಳಿಸಿ ಮತ್ತೆ ತುಂಬಿದರೆ ಒಂದು ಗಂಟೆ ಹೋಗುತ್ತದೆ. ಅಜ್ಜ ನೋಡುತ್ತಿಲ್ಲ. ಮುಂದಿನ ದಾರಿ ಮಟ್ಟಸವೇ ಇದೆ. ಹೊರಟರೆ ಬೇಡ ಅನ್ನುವವರು ಯಾರು?

“ಇಳಿಸ್ಬೇಕು ಅಕ್ಕ” ಅಂದ.

“ಓಬಳೇಶ!”

“ಬೈಯಕ್ಕ, ಬೈಸ್ಕೋತೀನಿ. ಊಟ ತಡ ಆದ್ರೆ ನಾನೇ ಪಂಕ್ತಿ ಮುಂದೆ ನಿಂತು ತಪ್ಪು ನಂದು ಅಂತೀನಿ. ಆದ್ರೆ ಇದನ್ನ ಹಿಂಗೇ ನಾನು ಎಳೆಯಲ್ಲ. ಈಗ ಕುರಿ ತಪ್ಪಿಸ್ಕೊಂಡ್ವು. ಮುಂದಿನ ಊರಲ್ಲಿ ಇಸ್ಕೂಲು ಮಕ್ಕಳು ರಸ್ತೆ ಮೇಲಿರ್ತವೆ.”

ದ್ಯಾಮವ್ವ ಅವನನ್ನೇ ನೋಡಿದಳು. ಸೂರ್ಯನನ್ನ ನೋಡಿದಳು. ಉದ್ದಿನಬೇಳೆ ನೆನೆಸಿದ ಪಾತ್ರೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಅಲ್ಲಾ, ವಡೆ ಹಿಟ್ಟು ಮೊದ್ಲೇ ರುಬ್ಬಿ ಇಡ್ಬೇಕು ಅಂತ ಯಾರು ಹೇಳಿದ್ರು ನಂಗೆ? ನಮ್ಮತ್ತೆ ಹಂಗೆ ಮಾಡ್ತಿದ್ಲು. ಅವಳಿದ್ದ ಕಾಲಕ್ಕೆ ಒರಳಲ್ಲಿ ರುಬ್ಬಬೇಕಿತ್ತು, ಮೂರು ಗಂಟೆ ಹಿಡೀತಿತ್ತು. ನಂಗೆ ಕರೆಂಟು ಗ್ರೈಂಡರು, ಅರ್ಧ ಗಂಟೆ ಕೆಲ್ಸ! ಮೊದ್ಲು ಒಲೆ ಇಳೀಲಿ. ಬೇಳೆ, ಅನ್ನಕ್ಕೆ ಎಸರು ಇಟ್ಟು ಆಮೇಲೆ ರುಬ್ಬಿದ್ರಾಯ್ತು. ವಡೆ ಬಾಣಲೆಯಿಂದ ಎಲೆಗೇ ಬೀಳ್ಲಿ. ಏಳ್ರೇ, ಎತ್ರೇ!”

ಓಬಳೇಶ ಮೊದಲು ನಾಲ್ಕು ಕಲ್ಲು ತಂದು ಜೀಪಿನ ಚಕ್ರಕ್ಕೂ ಟ್ರೇಲರ್ ಚಕ್ರಕ್ಕೂ ಅಡ್ಡ ಇಟ್ಟ. ಕುರಿಯವಳೂ ಕಂಬಳಿ ಬಿಸುಟು ಕೈ ಹಾಕಿದಳು. ಎಲ್ಲ ಇಳಿಸಿದರು, ಹೊಲದಲ್ಲಿ ಬಿದ್ದ ಕೊಪ್ಪರಿಗೆಯನ್ನೂ ಹೊತ್ತು ತಂದರು. ಗ್ರೈಂಡರ್ ಚಕ್ರದ ನೆತ್ತಿಗೆ, ಒಂದು ಗೇಣು ಮುಂದಕ್ಕೆ ಕೂತಿತು. ಸುತ್ತ ಅಕ್ಕಿ ಮೂಟೆ ಒತ್ತು ಕೊಟ್ಟರು. ಹಗುರದ್ದು ಹಿಂದಕ್ಕೆ ಹೋಯಿತು. ಮೇಲಿನ ಹಂಡೆಗಳಿಗೆ ಹಗ್ಗ ಅಡ್ಡಡ್ಡ ಬಿಗಿದರು. ಜೀಪಿನ ಹಿಂಭಾಗ ತಾನಾಗಿ ತಗ್ಗಿ ನೆಲೆಗೆ ಕೂತಿತು. ಓಬಳೇಶ ಪಿನ್ನು ಇಳಿಸಿದ, ಕಡ್ಡಿ ಸಿಕ್ಕಿಸಿದ, ಎಳೆದು ನೋಡಿದ. ಹಿಂದಿನ ಕೆಂಪು ದೀಪ ಹತ್ತುತ್ತದೆಯೋ ಅಂತ ಸಾಕವ್ವ ನಿಂತು ನೋಡಿ, “ಹತ್ತಿತು!” ಅಂತ ಕೂಗಿದಳು. ಹೊರಟು ಒಂದು ಮೈಲಿ ಆದ ಮೇಲೆ ಮತ್ತೆ ನಿಲ್ಲಿಸಿದ. ಅಲ್ಲಿ ಹುಣಸೆಮರ ಇರಲಿಲ್ಲ, ಬರೀ ಒಂದು ಮೈಲಿಕಲ್ಲು ಇತ್ತು. ಒಂದು ಸುತ್ತು ಬಂದ. ಹಗ್ಗ ಎರಡು ಬೆರಳು ಸಡಿಲವಾಗಿತ್ತು. ಬಿಗಿದ. ಈ ಸಲ ಸ್ಟೇರಿಂಗು ಕೈಯಲ್ಲಿ ಗಟ್ಟಿಯಾಗಿ ನಿಂತಿತು.

ಊಟಕ್ಕೆ ಹೊತ್ತಾಯಿತೇ ಅಂತೀರಾ? ಆಯಿತು, ಅರ್ಧ ಗಂಟೆ. ಓಬಳೇಶ ಹೇಳಿದ ಮಾತಿನ ಹಾಗೆ ಪಂಕ್ತಿ ಮುಂದೆ ಹೋಗಿ, “ತಪ್ಪು ನಂದು, ಗಾಡಿ ಸರಿಯಾಗಿ ತುಂಬಿರ್ಲಿಲ್ಲ” ಅಂದ. ಒಂದಿಬ್ಬರು ಮುಖ ಗಂಟಿಕ್ಕಿದರು. ಅಷ್ಟರಲ್ಲಿ ವಡೆ ಬಂತು. ಬಾಣಲೆಯಿಂದ ಎಲೆಗೆ, ಹೊಗೆಯಾಡುತ್ತ, ಮುರಿದರೆ ಸದ್ದು ಕೇಳುವ ಹಾಗೆ. ಗಂಟಿಕ್ಕಿದ ಮುಖಗಳೇ ಎರಡನೇ ಸಲ ಕೇಳಿದವು. ಮಗುವಿನ ಅಜ್ಜಿ ಅಡುಗೆ ಮನೆಗೇ ಬಂದು, “ನನ್ನ ಜನ್ಮದಲ್ಲಿ ಕಾರ್ಯದ ಮನೇಲಿ ಬಿಸಿ ವಡೆ ತಿಂದಿರ್ಲಿಲ್ಲ ಕಣೇ ದ್ಯಾಮವ್ವ. ಮಗೂಗೆ ಹುಟ್ಟುಗೂದ್ಲು ತೆಗೆಸೋವಾಗ್ಲೂ ನೀನೇ ಬರ್ಬೇಕು” ಅಂದಳು. ಅಂಚು ನಗ್ಗಿದ ಕೊಪ್ಪರಿಗೆಯಲ್ಲೇ ಅವತ್ತಿನ ಪಾಯಸ ಕುದಿಯಿತು. ರುಚಿ ಏನೂ ಕಮ್ಮಿಯಾಗಲಿಲ್ಲ.

ಮಾರನೇ ದಿನ ಓಬಳೇಶ ಕೀಲಿಕೈ ತಂದು ಅಜ್ಜನ ಮುಂದಿಟ್ಟ. “ನಾನು ಇದಕ್ಕೆ ತಕ್ಕವನಲ್ಲ ಅಜ್ಜ.”

“ಇಳಿಸಿ ತುಂಬಿದ್ಯಂತೆ?”

“ಹೂಂ.”

“ದ್ಯಾಮವ್ವ ಬೇಡ ಅಂದ್ರೂ?”

“ಹೂಂ.”

“ನಾನು ಅಲ್ಲಿ ನೋಡೋಕೆ ಇರ್ಲಿಲ್ಲ.”

ಅಜ್ಜ ಕೀಲಿಕೈಯನ್ನ ಅವನ ಕೈಗೇ ವಾಪಸು ಇಟ್ಟು, “ಆರು ತಿಂಗಳು ಬೇಡ. ಇವತ್ತಿಂದ ನಿಂದೇ” ಅಂದ. ಆಮೇಲೆ, “ನನ್ನ ಎತ್ಕೊಂಡು ಜೀಪಲ್ಲಿ ಕೂರ್ಸು. ಮರದ ಹತ್ರ ಹೋಗಾಣ. ಅಲ್ಲಿ ಹೇಳ್ಬೇಕಾಗಿದ್ದು ಇನ್ನೂ ಬೇಕಾದಷ್ಟು ಐತೆ” ಅಂದ. ಅವತ್ತು ಅಜ್ಜ ಹತ್ತು ಮಾತಲ್ಲ, ಸಾವಿರ ಮಾತಾಡಿದ.

“ಕೈ ಮುಗಿಯೋದು ಬಿಟ್ಬಿಡ್ಲಾ ಅಜ್ಜ?” ಅಂತ ಓಬಳೇಶ ಕೊನೆಗೆ ಕೇಳಿದ. ಈಗ ಕೇಳುವುದು ಕಲಿತಿದ್ದ.

“ಮುಗಿಯೋ, ಯಾರು ಬೇಡ ಅಂದ್ರು? ನೆರಳು ಕೊಡೋ ಮರ ಅದು. ಮೊದ್ಲು ಹಗ್ಗ ಎಳಿ, ಆಮೇಲೆ ಕೈ ಮುಗಿ.”

ಈಗಲೂ ಆ ಮರದ ಬೊಡ್ಡೆಯಲ್ಲಿ ಕುಂಕುಮ ಇದೆ, ಸಾಕವ್ವನ ಬಳೆಯೂ ಇದೆ. ಆ ದಾರಿಯಲ್ಲಿ ಹೋಗುವ ಟೆಂಪೋದವರು, ಟ್ರ್ಯಾಕ್ಟರಿನವರು, ಕಾರಿನ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡು ಹೋಗುವವರು, ಎಲ್ಲರೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಇಳಿದು ಒಂದು ಸುತ್ತು ಬಂದು ಹಗ್ಗ ಎಳೆದು ನೋಡುತ್ತಾರೆ. ಯಾಕೆ ಅಂತ ಯಾವ ಮಗು ಕೇಳಿದರೂ ಉತ್ತರ ಹೇಳುತ್ತಾರೆ.

ನೀತಿ: ಹಿರಿಯರು ಮಾಡಿದ್ದನ್ನು ಮಾಡಿ ಮಕ್ಕಳೇ, ಆದರೆ ಯಾಕೆ ಮಾಡಿದರು ಅಂತ ಕೇಳಿ ತಿಳಿದು ಮಾಡಿ. ಹಿರಿಯರೂ ಅಷ್ಟೇ, ಹೇಗೆ ಅಂತ ಮಾತ್ರ ತೋರಿಸದೆ ಯಾಕೆ ಅಂತಲೂ ಹೇಳಿ. ನಮ್ಮ ಬೆನ್ನ ಹಿಂದೆ ಎಳೆದುಕೊಂಡು ಹೋಗುವ ಭಾರಕ್ಕೂ ನಾವೇ ಹೊಣೆ. ಕೈ ಮುಗಿಯುವ ಮೊದಲು ಹಗ್ಗ ಎಳೆದು ನೋಡಿದವನು ತಾನೂ ಊರು ಸೇರುತ್ತಾನೆ, ದಾರಿಯಲ್ಲಿ ಸಿಕ್ಕವರನ್ನೂ ಅವರವರ ಮನೆ ಸೇರಲು ಬಿಡುತ್ತಾನೆ.